ಹ್ಯಾಂಡಲ್ ಇರುವ ಕಡೆ

"ಬಡಗಿ ಯಾಕೆ? ನನಗೇನು ಕೈಯಿಲ್ವಾ?" ಎಂದು ನಮ್ಮ ಯಜಮಾನರು ಹಳೆಯ ಮರದ ಕಿಟಕಿ ಕಿತ್ತು, ಯುಪಿವಿಸಿ ಅನ್ನೋ ಪ್ಲಾಸ್ಟಿಕ್ ಕಿಟಕಿಯನ್ನು ತಾವೇ ಕೂರಿಸಿದರು. ಸಂದಿಗೆ ತುಂಬಿದ ಫೋಮ್ ಗಟ್ಟಿಯಾದ ಮೇಲೆ ನೋಡಿದರೆ, ಕಿಟಕಿ ತಿರುಗುಮುರುಗು! ಹ್ಯಾಂಡಲ್ ಪಕ್ಕದ ಮನೆ ಅಜ್ಜಿಯ ವರಾಂಡದ ಕಡೆಗಿದೆ.

"ತೆರೆಯೋಕಾಗುತ್ತೆ, ಮುಚ್ಚೋಕಾಗುತ್ತೆ, ಇನ್ನೇನ್ ಬೇಕು ನಿಂಗೆ?" ಎಂದರು. ಜಂಬಕ್ಕೇನೂ ಕಡಿಮೆಯಿಲ್ಲ.

ಅಂದಿನಿಂದ ತೆರೆಯುವುದೂ ಮುಚ್ಚುವುದೂ ಅಜ್ಜಿಯೇ. ಸೆಖೆಯಾದರೆ ನಾವು ಗಾಜು ತಟ್ಟಿ ಅಂಗಲಾಚಬೇಕು.

ನಿನ್ನೆ ತಡೆಯಲಾಗದೆ ಗಂಡನ ಜನ್ಮ ಜಾಲಾಡತೊಡಗಿದೆ. ಕಿಟಕಿ ತಟ್ಟನೆ ತೆರೆಯಿತು. ಆಚೆ ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು.

"ಮುಚ್ಚಿದ್ರೆ ಒಂದು ಮಾತೂ ಕೇಳ್ಸಲ್ಲ ಕಣಮ್ಮಾ, ಅಷ್ಟು ಚೆನ್ನಾಗಿ ಕೂರ್ಸಿದಾನೆ ನಿನ್ನ ಗಂಡ. ಹ್ಞೂಂ, ಈಗ ಮೊದಲಿಂದ ಬೈ."