ಅನಸೂಯಕ್ಕ ಹಿಡಿದ ಮೈಕು

ನಾನು ಒಂದು ಮೈಕು. ಹಿಂದೆ ಉದ್ದನೆಯ ವಾಯರು ಇರುವ ಹಳೆಯ ಕಾಲದ ಮೈಕು. ದೂರದ ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿ, ಅಯಸ್ಕಾಂತ, ಜಾಲರಿ ಸೇರಿಸಿ ನನ್ನನ್ನು ಮಾಡಿದರು. ಬಸರೀಕೊಪ್ಪದ ಮೆಹಬೂಬಸಾಬರು ಕೊಂಡು ತಂದರು. ಪೆಂಡಾಲು, ಮೈಕು ಬಾಡಿಗೆಗೆ ಕೊಡುವುದು ಅವರ ಉದ್ಯೋಗ. ಮದುವೆಗಳಲ್ಲಿ ಉಡುಗೊರೆ ಕೊಟ್ಟವರ ಹೆಸರು ಕೂಗಿದೆ, ಶಾಲೆಗಳಲ್ಲಿ ನಾಡಗೀತೆ ಹಾಡಿದೆ. ಯಾರ ಬಾಯಿಂದ ಏನು ಬಂದರೂ ದೊಡ್ಡದಾಗಿ ಹೇಳುವುದಷ್ಟೇ ನನ್ನ ಕೆಲಸ.

ಸಾಬರ ಅಂಗಡಿಯ ಪಕ್ಕದಲ್ಲೇ ಅನಸೂಯಕ್ಕನ ಬಳೆ ಅಂಗಡಿ. ಊರಿನ ಸಹಕಾರಿ ಬ್ಯಾಂಕು ಶುರುವಾದಾಗ ಆಕೆಯ ತಾಯಿ ಮನೆಮನೆ ತಿರುಗಿ ಹೆಂಗಸರನ್ನೆಲ್ಲ ಷೇರುದಾರರನ್ನಾಗಿ ಮಾಡಿದ್ದರು. ತಾಯಿಯ ಷೇರು ಈಗ ಮಗಳ ಹೆಸರಿನಲ್ಲಿತ್ತು.

ಒಂದು ವರ್ಷ ಬ್ಯಾಂಕಿನ ವಾರ್ಷಿಕ ಸಭೆಗೆ ನನ್ನನ್ನು ಬಾಡಿಗೆಗೆ ಒಯ್ದರು. ಷೇರುದಾರರು ಅಲ್ಲಿಗೆ ಬರುತ್ತಿದ್ದುದು ಸಿಹಿಯೂಟಕ್ಕೆ. ಅಧ್ಯಕ್ಷ ಸೋಮನಗೌಡರು ವರದಿ ಓದಿ ಮುಗಿಸುತ್ತಲೇ ಅನಸೂಯಕ್ಕ ಎದ್ದು ನನ್ನನ್ನು ಕೇಳಿ ಪಡೆದಳು. ಆಕೆಯ ಬಳೆಗಳು ನನ್ನ ಮೈಗೆ ತಾಗಿದ ಸದ್ದು ಸಭೆಗೆಲ್ಲ ಕೇಳಿಸಿತು.

"ಗೌಡ್ರ, ಬಾಗಲಾ ಹಾಕಿದ ಹತ್ತಿ ಮಿಲ್ಲಿಗೆ ಈ ವರ್ಷಾನೂ ಸಾಲಾ ಕೊಟ್ಟೀರಿ. ಅದು ನಿಮ್ಮ ಅಳಿಯನ ಮಿಲ್ಲು. ಯಾಕ ಕೊಟ್ರಿ, ಹೇಳ್ರಿ."

ಗೌಡರು ನಕ್ಕರು. "ಅಕ್ಕಾರ, ಅದನ್ನೆಲ್ಲಾ ಆಡಿಟ್ ಮಾಡಾವ್ರು ನೋಡ್ತಾರ. ನೀವು ಊಟಾ ಮಾಡ್ಕೊಂಡು ಹೋಗ್ರಿ."

ಸಭೆಯೂ ನಕ್ಕಿತು.

ಆ ವರ್ಷವಿಡೀ ಅನಸೂಯಕ್ಕ ಬಳೆ ತೊಡಿಸುತ್ತಲೇ ಗೌಡರನ್ನು ಇಳಿಸಲು ಷೇರುದಾರರನ್ನು ಒಪ್ಪಿಸಿದಳು. "ನೀ ಎದ್ದು ಹೇಳವಾ, ನಾವು ಕೈ ಎತ್ತತೀವಿ" ಎಂದು ಎಷ್ಟೋ ಮಂದಿ ಮಾತು ಕೊಟ್ಟರು. ನನಗೆ ಅದೆಲ್ಲ ಗೋಡೆಯಾಚೆಯಿಂದ ಕೇಳುತ್ತಿತ್ತು. ಮುಂದಿನ ಸಭೆ ಹತ್ತಿರ ಬಂದಾಗ ಬ್ಯಾಂಕಿನವರು ನನ್ನನ್ನು ಕೊಂಡೇಬಿಟ್ಟರು. ಸಭೆಯ ದಿನ ಸ್ವಿಚ್ಚಿನ ಹತ್ತಿರ ಗೌಡರ ಡ್ರೈವರ್ ಕುಳಿತ.

"ಗೌಡ್ರನ್ನ ಅಧ್ಯಕ್ಷ ಸ್ಥಾನದಿಂದ ಇಳಸಬೇಕು. ಒಪ್ಪಾವ್ರು..." ಎಂದು ಅನಸೂಯಕ್ಕ ಹೇಳುವಷ್ಟರಲ್ಲಿ ನನ್ನ ಉಸಿರು ನಿಂತಿತು. ವೇದಿಕೆಯ ಮೇಲಿನ ಇನ್ನೊಂದು ಮೈಕಿನಲ್ಲಿ ಗೌಡರು ಶಾಂತವಾಗಿ ಹೇಳಿದರು: "ಒಪ್ಪಾವ್ರು ಕೈ ಎತ್ರಿ. ಯಾರ್ಯಾರು ಎತ್ತತೀರಿ, ನಾನೂ ನೋಡತೀನಿ."

ಒಂದು ಕೈಯೂ ಏಳಲಿಲ್ಲ. ಪಕ್ಕದಲ್ಲೇ ಆಕೆಯ ಸ್ವಂತ ತಮ್ಮ ರುದ್ರೇಶ ಕುಳಿತಿದ್ದ. ಅವನ ಲಾರಿಯ ಸಾಲ ಮಂಜೂರಾಗಬೇಕಿತ್ತು.

"ತಮ್ಮಾ, ನೀನರೆ ಎತ್ತೋ" ಎಂದಳು ಅಕ್ಕ, ಮೆಲ್ಲಗೆ. ಅವನು ತನ್ನ ಚಪ್ಪಲಿಗಳನ್ನೇ ನೋಡುತ್ತ ಕುಳಿತ. ಆ ಮಾತನ್ನು ನನ್ನಿಂದ ಯಾರಿಗೂ ದಾಟಿಸಲಾಗಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಬ್ಯಾಂಕು ಬಾಗಿಲು ಹಾಕಿತು. ಮುಂದಿನ ಆದೇಶದವರೆಗೆ ಯಾರಿಗೂ ಹಣ ಸಿಗುವುದಿಲ್ಲವೆಂದು ಮೆಟ್ಟಿಲ ಮೇಲೆ ನಿಂತ ಅಧಿಕಾರಿಯೊಬ್ಬರು ನನ್ನಲ್ಲೇ ಸಾರಿದರು. ರುದ್ರೇಶ ಜನರನ್ನು ತಳ್ಳಿಕೊಂಡು ಬಂದು ನನ್ನನ್ನು ಕಸಿದುಕೊಂಡ. "ಸೋಮನಗೌಡ ಎಲ್ಲದಾನ? ಹೊರಗ ಕರೀರಿ ಅವನ್ನ" ಎಂದು ಅರಚಿದ. ಈಗ ಎಲ್ಲರ ಕೈಗಳೂ ಮೇಲಿದ್ದವು. ಗೌಡರು ಮಾತ್ರ ಪುಣೆಯ ಆಸ್ಪತ್ರೆಯಲ್ಲಿ ಮಲಗಿದ್ದರಂತೆ.

ಹಿಂದೆ ನಿಂತಿದ್ದ ಅನಸೂಯಕ್ಕನಿಗೆ ಒಬ್ಬ ಹೆಂಗಸು ಹೇಳಿದಳು: "ಆವತ್ತು ನೀ ಇನ್ನಷ್ಟು ಜೋರ್‍ಲೆ ಹೇಳಬೇಕಾಗಿತ್ತವಾ."

ಅನಸೂಯಕ್ಕ ಆಕೆಯ ಮುಖವನ್ನೊಮ್ಮೆ ನೋಡಿ ಸೆರಗು ಹೊದ್ದು ಹೊರಟುಹೋದಳು.

ಆಮೇಲೆ ಆಕೆ ಸಹಕಾರ ಇಲಾಖೆಗೆ ದೂರು ಕೊಟ್ಟು ವಿಚಾರಣೆಗಳಿಗೆ ಅಲೆದಳು. ಗೌಡರನ್ನು ಬಂಧಿಸಿದರೂ ವಾರದೊಳಗೆ ಜಾಮೀನು ಸಿಕ್ಕಿತು. ಉಳಿಸಿದ್ದೆಲ್ಲ ಬ್ಯಾಂಕಿನಲ್ಲೇ ಸಿಕ್ಕಿಕೊಂಡು ಅನಸೂಯಕ್ಕನ ಅಂಗಡಿ ಮುಚ್ಚಿತು. ಆಕೆ ಧಾರವಾಡದ ಹಾಸ್ಟೆಲೊಂದಕ್ಕೆ ಅಡುಗೆ ಕೆಲಸಕ್ಕೆ ಹೋದಳೆಂದು ಮೆಹಬೂಬಸಾಬರು ಯಾರಿಗೋ ಹೇಳುತ್ತಿದ್ದರು. ಬ್ಯಾಂಕಿನ ಸಾಮಾನು ಹರಾಜಾದಾಗ ಅವರೇ ನನ್ನನ್ನು ಮರಳಿ ತಂದಿದ್ದರು.

ನಾನು ಕೊನೆಯ ಸಲ ಮಾತಾಡಿದ್ದು ಸೋಮನಗೌಡರ ಅಭಿನಂದನಾ ಸಮಾರಂಭದಲ್ಲಿ. 'ಸಹಕಾರ ಧುರೀಣ' ಎಂದು ಬಿರುದು ಕೊಟ್ಟರು. ರುದ್ರೇಶ ಹಾರ ಹಾಕಿದ. ಹಣ ಕಳೆದುಕೊಂಡವರೇ ಮುಂದಿನ ಸಾಲುಗಳಲ್ಲಿ ಕುಳಿತು ಚಪ್ಪಾಳೆ ತಟ್ಟಿದರು. ಯಾರೂ ಅವರನ್ನು ಹೆದರಿಸಿ ಕರೆತಂದಿರಲಿಲ್ಲ.

ಈಗ ಗುಜರಿ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದೇನೆ. ಡ್ರೈವರ್ ಸ್ವಿಚ್ಚು ಆರಿಸಿದ್ದರಿಂದಲೇ ಎಲ್ಲ ಕೆಟ್ಟಿತೆಂದು ಬಹಳ ದಿನ ನಂಬಿದ್ದೆ. ಆದರೆ ಆ ಸಮಾರಂಭದಲ್ಲಿ ಗೌಡರ ಭಾಷಣ ಮುಗಿದ ಮೇಲೆ ನನ್ನನ್ನು ಖಾಲಿ ಕುರ್ಚಿಯೊಂದರ ಮೇಲೆ ಇಟ್ಟು ಎಲ್ಲರೂ ಊಟಕ್ಕೆ ಎದ್ದರು. ಜನ ನನ್ನ ಪಕ್ಕದಲ್ಲೇ ಹಾದುಹೋದರು, ಯಾರೂ ನನ್ನನ್ನು ಎತ್ತಿಕೊಳ್ಳಲಿಲ್ಲ. ನಾನು ಚಾಲೂ ಇದ್ದೆ.