ಸೋದರಳಿಯನ ಪಾಲು

ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ವಾರ್ಡು ಒಪ್ಪಿಸುವಾಗ ಹೇಳಬೇಕಾದದ್ದು ರೋಗಿಯ ಜ್ವರ, ರಕ್ತದೊತ್ತಡ, ಔಷಧಿ. ಫಿಜಿಯ ರಾಜಧಾನಿ ಸುವಾದ ನಮ್ಮ ವಾರ್ಡಿನಲ್ಲಿ ಅದರ ಜೊತೆಗೆ ಅವನ ಜನ್ಮವನ್ನೂ ಜಾಲಾಡುತ್ತಾರೆ. ಸೈಮೋನಿಯ ಬಗ್ಗೆ ಹಿರಿಯ ನರ್ಸ್ ಕೆಲೆರಾ ಒಪ್ಪಿಸಿದ್ದು ಹೀಗೆ: ಸಕ್ಕರೆ ಕಾಯಿಲೆ, ಒಂದು ಕಾಲು ಹೋದ ವರ್ಷವೇ ಕತ್ತರಿಸಿಯಾಗಿದೆ, ಇನ್ನೊಂದರಲ್ಲಿ ಹುಣ್ಣು. ಕೊಟ್ಟ ಮಾತ್ರೆ ನುಂಗುವುದಿಲ್ಲ, ಸಂಜೆಯಾದರೆ ಅಮಲಿನ ಕಾವಾ ಬೇರಿನ ಕಷಾಯ ಕುಡಿಯುತ್ತಾ ಕೂರುತ್ತಾನೆ, ಶುದ್ಧ ಸೋಮಾರಿ.

"ಆ ಕಾಲೂ ಹೋಗ್ಲಿ ಬಿಡಿ, ಆಗ ಬುದ್ಧಿ ಬರತ್ತೆ" ಅಂದಳು.

ಎಲ್ಲರೂ ನಕ್ಕರು. ಹೊಸದಾಗಿ ಸೇರಿದ್ದ ಉನೈಸಿ ಮಾತ್ರ ನಗಲಿಲ್ಲ. ಹೋಗಿ ಅವನ ಹುಣ್ಣು ತೊಳೆಯುತ್ತಾ, ಮನೆಯಲ್ಲಿ ಮಾತ್ರೆ ತಗೊಳ್ಳೋಕೆ ಏನು ಕಷ್ಟ ಆಗುತ್ತೆ ಮಾಮಾ ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಅವನನ್ನು ಹಾಗೆ ಕೇಳಿದವರೇ ಇರಲಿಲ್ಲ. ಮುದುಕ ಬಾಯಿ ಬಿಟ್ಟ. ಕೊಟ್ಟ ಮಾತ್ರೆಗಳಲ್ಲಿ ಅರ್ಧದಷ್ಟು ತಂಗಿಯ ಮಗನಿಗೆ ಹೋಗುತ್ತಿದ್ದವು. ಅವನಿಗೂ ಇದೇ ಕಾಯಿಲೆ. ಒಮ್ಮೆ ಇದೇ ವಾರ್ಡಿಗೆ ಬಂದಿದ್ದಾಗ ಹತ್ತು ಜನರ ಎದುರು ಅವನ ಮೈಯನ್ನು ಆಡಿಕೊಂಡು ನಕ್ಕಿದ್ದರಂತೆ. ಸತ್ತರೂ ಇತ್ತ ತಲೆ ಹಾಕುವುದಿಲ್ಲವೆಂದು ಹೋದವನು ಮಾವನ ಮುಂದೆ ಕೈ ಚಾಚಿದ್ದ.

ಸೋದರಳಿಯನಿಗೆ ಇಲ್ಲ ಎನ್ನುವ ಫಿಜಿಯವನನ್ನು ನಾನಂತೂ ಕಂಡಿಲ್ಲ. ಹಂದಿ, ಚಾಪೆ, ದೋಣಿ, ಮಾವನ ಮನೆಯ ಯಾವುದನ್ನಾದರೂ ಅಳಿಯ ಕೇಳದೆಯೇ ಎತ್ತಿಕೊಂಡು ಹೋಗಬಹುದು. ಕೆಲೆರಾಳ ಅಣ್ಣನ ಕಾರು ವರ್ಷವಿಡೀ ಇರುವುದು ಕೆಲೆರಾಳ ಮಕ್ಕಳ ಕೈಯಲ್ಲೇ.

ಮರುದಿನ ವಾರ್ಡು ಒಪ್ಪಿಸುವಾಗ ಉನೈಸಿ ಇದನ್ನೆಲ್ಲ ಹೇಳಿದಳು. ಅಳಿಯನನ್ನು ಮರ್ಯಾದೆಯಿಂದ ಕರೆಸೋಣ, ಅಲ್ಲಿಯವರೆಗೆ ಇಬ್ಬರಿಗಾಗುವಷ್ಟು ಕೊಡೋಣ ಎಂದು ಬೇಡಿಕೊಂಡಳು, ಪಾಪ.

"ಓಹೋ, ಸರ್ಕಾರದ ಮಾತ್ರೆ ಊರಿಗೆಲ್ಲ ಹಂಚ್ತಾನಾ ಇವ್ನು?" ಅಂದಳು ಕೆಲೆರಾ.

ವಿಷಯ ಡಾಕ್ಟರ ಕಿವಿಗೆ ಹೋಯಿತು. ಮೂರು ತಿಂಗಳಿಗೆ ಕೊಡುತ್ತಿದ್ದ ಮಾತ್ರೆ ಇನ್ನು ವಾರಕ್ಕೆ ಮಾತ್ರ, ಮುಗಿದರೆ ಬಂದು ಒಯ್ಯಲಿ ಎಂದು ಅಪ್ಪಣೆಯಾಯಿತು. ಸೈಮೋನಿಯ ಊರು ದೂರದ ಲಾವು ದ್ವೀಪಗಳಲ್ಲಿ. ಅಲ್ಲಿಗೆ ತಿಂಗಳಿಗೊಂದು ಹಡಗು ಹೋದರೆ ಪುಣ್ಯ. ಇದು ಗೊತ್ತಿಲ್ಲದವರು ವಾರ್ಡಿನಲ್ಲಿ ಒಬ್ಬರೂ ಇರಲಿಲ್ಲ. ಉನೈಸಿ ಡಾಕ್ಟರ ಹಿಂದೆ ಹಿಂದೆ ಓಡಾಡಿ ಅಂಗಲಾಚಿದಳು. ರೋಗಿಗೆ ಶಿಸ್ತು ಬೇಕು ಎಂದರು ಅವರು. ನಮ್ಮವರ ಶಿಸ್ತಿಗೆ ಬೆಂಕಿ ಬೀಳಲಿ.

ಹೊರಡುವ ದಿನ ಅವಳೇ ಅವನ ಗಂಟು ಕಟ್ಟಿಕೊಟ್ಟಳು. ಮಾತ್ರೆಯ ಪೊಟ್ಟಣ ಅಂಗೈಯಲ್ಲಿ ಮುಚ್ಚಿಹೋಗುವಷ್ಟಿತ್ತು. ಅದನ್ನೂ ಅವನು ಎರಡು ಪಾಲು ಮಾಡುತ್ತಾನೆಂದು ಇಬ್ಬರಿಗೂ ತಿಳಿದಿತ್ತು. ಉನೈಸಿಯ ಕಣ್ಣೀರು ನಿಲ್ಲಲಿಲ್ಲ. ಮುದುಕನೇ ಅವಳ ಬೆನ್ನು ಸವರಿದ.

"ಅಳ್ಬೇಡ ಮಗಳೇ. ಅವ್ರು ಬೈತಿದ್ರು, ನಾನು ಬಾಯ್ ಮುಚ್ಕೊಂಡಿದ್ದೆ. ಹೆಂಗೋ ಇಬ್ರೂ ಬದುಕ್ಕೊಂಡಿದ್ವಿ. ನೀನು ಬೈಲಿಲ್ಲ ನೋಡು, ಹೇಳ್ಬಿಟ್ಟೆ."