ಹರಿಯಬೇಕಾದ ಹೊಲಿಗೆ

ಬಾಗಿಲು ಮುಚ್ಚಿಕೊಂಡ ಸದ್ದೇ ಬೇರೆ, ದಪ್ ಅಂತ, ದಿಂಬನ್ನು ಗೋಡೆಗೆ ಎಸೆದ ಹಾಗೆ, ಮುಚ್ಚಿದ್ದೇ ತಡ ರಸ್ತೆಯಿಲ್ಲ, ಹಾರ್ನಿಲ್ಲ, ಬರೀ ತೊಗಲಿನ ವಾಸನೆ, ತೊಗಲಿನ ಮೇಲೆ ಉಜ್ಜಿದ ಪಾಲಿಶಿನ ವಾಸನೆ, ಪಾಲಿಶಿನ ಅಡಿಯಲ್ಲಿ ಇನ್ನೊಂದು, ತೀರ ಸಣ್ಣದು, ಇವರ್ಯಾರ ಮೂಗಿಗೂ ತಾಗದ್ದು — ಅಂಟು, ನಮ್ಮ ಸೀಟಿನ ಅಂಟು, ಹದಿನೇಳು ವರ್ಷದಿಂದ ನನ್ನ ಉಗುರಿನ ಸಂದಿಯಲ್ಲಿರೋ ಅಂಟು — ಅಂದರೆ ಈ ಗಾಡಿಯಲ್ಲಿ ಯಾವುದೋ ಸೀಟಿನ ತೊಗಲು ಒಮ್ಮೆ ಬಿಚ್ಚಿದೆ, ಬಿಚ್ಚಲಿ ಬಿಡು, ಹಳೇ ಗಾಡಿ ಅಂದಮೇಲೆ ಬಿಚ್ಚದೇ ಇರುತ್ತಾ, ಹಳೇದು ಅನ್ನಬೇಡಿ ಅಕ್ಕ, ಪ್ರೀ-ಓನ್ಡ್ ಅಂತಾರೆ, ಮುಂದಿನ ಸೀಟಿಂದ ನನ್ನ ಓರಗಿತ್ತಿ ತಿದ್ದುತ್ತಾಳೆ — ಅಂದರೆ ಬಾಯಿಬಿಟ್ಟೇ ಅಂದುಬಿಟ್ಟೆನೇನೋ, ಈಚೆಗೆ ಹೀಗಾಗುತ್ತೆ, ಒಳಗಿನದು ಹೊರಗೆ ಬಂದದ್ದು ಗೊತ್ತಾಗೋದಿಲ್ಲ — ಹಳೇದನ್ನು ಹಳೇದು ಅನ್ನೋದು ತಪ್ಪಾದರೆ ನನ್ನನ್ನು ಏನಂತ ಕರೀತಾರೋ. ಅವಳು ಸ್ಟೀರಿಂಗ್ ಹಿಡಿದು ಕೂತಿದ್ದಾಳೆ, ಅವಳ ಪಕ್ಕ ಷೋರೂಮಿನ ಟೈ ಕಟ್ಟಿದವನು, ಹಿಂದೆ ನಾನು ಮತ್ತು ಅವಳ ಗಂಡ, ನನ್ನ ಮೈದುನ, ನಾನು ಸರಿಯಾಗಿ ಅವಳ ಬೆನ್ನ ಹಿಂದೆ, ಯಾವಾಗಲೂ ಅವಳ ಹಿಂದೆಯೇ, ಒತ್ತಿ ಮೇಡಂ, ಸುಮ್ಮನೆ ಒತ್ತಿ, ಐದು ಎಣಿಸೋದರೊಳಗೆ ನೂರು ದಾಟುತ್ತೆ ಅನ್ನುತ್ತಾನೆ ಟೈಯವನು, ಅವಳು ನಗುತ್ತಾಳೆ, ನಿನ್ನೆ ಫೋನಿನಲ್ಲೂ ಇದೇ ನಗು, ಅಕ್ಕ ನೀವೂ ಬನ್ನಿ, ಸೀಟು ನೋಡೋಕೆ ನಿಮಗಿಂತ ಯಾರಿದಾರೆ, ಸೀಟು ನೋಡೋಕಂತೆ, ಇಂಜಿನ್ ನೋಡೋಕೆ ಒಬ್ಬ ಇಂಜಿನಿಯರು ಬಂದು ಹೋಗಿದ್ದಾನೆ, ಕಾಗದ ನೋಡೋಕೆ ವಕೀಲರು, ಸೀಟು ನೋಡೋಕೆ ಯಾರಾದರೂ ಬೇಕೇನು, ಕೂತರೆ ಗೊತ್ತಾಗುತ್ತೆ — ನನ್ನನ್ನು ಕರೆದದ್ದು ಗಾಡಿ ನೋಡೋಕಲ್ಲ, ಅವಳು ಗಾಡಿ ತಗೊಳ್ಳೋದನ್ನು ನೋಡೋಕೆ.

ನನಗೆ ಹೊಟ್ಟೆಕಿಚ್ಚು ಅಂತ ಯಾರೂ ಹೇಳಿಕೊಡಬೇಕಿಲ್ಲ, ನನ್ನ ಹೊಟ್ಟೆ, ನನಗೇ ಗೊತ್ತಿಲ್ಲದೆ ಇರುತ್ತಾ, ಅವಳ ಹಿಂದಿನ ಕಾರಿಗೆ ಯಾರೋ ಲಾರಿಯವನು ಸವರಿಕೊಂಡು ಹೋದ ದಿನ ಅಯ್ಯೋ ಪಾಪ ಅಂದವಳೂ ನಾನೇ, ಅವತ್ತು ಚೆನ್ನಾಗಿ ನಿದ್ದೆ ಮಾಡಿದವಳೂ ನಾನೇ. ಒಂದೇ ವರ್ಷ ಒಂದೇ ಮನೆ ಹೊಕ್ಕವರು ನಾವಿಬ್ಬರು, ಒಂದೇ ಬಚ್ಚಲು, ಒಂದೇ ಬಟ್ಟೆ ಒಣಗೋ ತಂತಿ, ಅವಳು ಆಸ್ಪತ್ರೆಯಲ್ಲಿ ರಕ್ತ ತೆಗೆಯೋ ಕೆಲಸ, ನಾನು ವರ್ಕ್‌ಷಾಪಿನಲ್ಲಿ ಸೀಟು ಹೊಲಿಯೋ ಕೆಲಸ, ಇಬ್ಬರ ಅನ್ನವೂ ಸೂಜಿಯದೇ, ಅವಳು ಚುಚ್ಚಿ ಚುಚ್ಚಿ ನಾಲ್ಕು ಲ್ಯಾಬು ಕಟ್ಟಿದಳು, ನಾನು ಚುಚ್ಚಿ ಚುಚ್ಚಿ ಕನ್ನಡಕ ಹಾಕಿಕೊಂಡೆ. ಲ್ಯಾಬು ಶುರುವಾದ ವರ್ಷ ಜಾಗ ಇರಲಿಲ್ಲ, ಮನೆಮನೆ ತಿರುಗಿ ತಂದ ರಕ್ತದ ಸೀಸೆಗಳನ್ನು ಮನೆಯಲ್ಲಿದ್ದ ನನ್ನ ಹೊಲಿಗೆ ಮೇಜಿನ ಮೇಲೆ ಸಾಲಾಗಿ ನಿಲ್ಲಿಸೋಳು, ಅಕ್ಕ ಒಂದೇ ಒಂದು ಗಂಟೆ, ನಾನು ಮೆಷಿನ್ನು ನಿಲ್ಲಿಸಿ ಕೂತಿರುತ್ತಿದ್ದೆ, ಅದುರಿದರೆ ಸೀಸೆ ಉರುಳುತ್ತೆ ಅಂತ, ಒಂದು ಗಂಟೆ ಅಂದದ್ದು ಒಂದು ವರ್ಷ, ಅದನ್ನೆಲ್ಲ ಯಾರಾದರೂ ಹೇಳುತ್ತಾರಾ, ಮೊನ್ನೆ ನಾಲ್ಕನೇ ಲ್ಯಾಬಿನ ಬಾಗಿಲಲ್ಲಿ ನಿಂತು ಮೈದುನ ಭಾಷಣ ಮಾಡಿದ, ಬ್ಯಾಂಕಿನವರ ಹೆಸರು ಬಂತು, ಬಣ್ಣ ಬಳಿದವರ ಹೆಸರು ಬಂತು, ಫ್ರಿಜ್ಜು ಕೊಟ್ಟವನ ಹೆಸರೂ ಬಂತು. ಇವರನ್ನು ಕೇಳಿದರೆ — ನನ್ನ ಯಜಮಾನರು, ಲಿಫ್ಟು ರಿಪೇರಿ ಮಾಡೋರು, ಜೀವನವಿಡೀ ಬೇರೆಯವರನ್ನು ಮೇಲಕ್ಕೆ ಕಳಿಸೋರು — ಅವರವರ ಹಣೆಬರಹ ಕಣೇ, ನೀನ್ಯಾಕೆ ಮೈ ಪರಚ್ಕೋತೀಯ, ಅಂತ ಮಗ್ಗುಲು ಬದಲಿಸುತ್ತಾರೆ. ಅತ್ತೆಯ ಬೆನ್ನು ಒರೆಸೋದು ನಾನು, ಮಾತ್ರೆ ಪುಡಿ ಮಾಡಿ ತಿನ್ನಿಸೋದು ನಾನು, ಬೇರೆ ಮನೆ ಮಾಡಿಕೊಂಡು ಹೋದ ಚಿಕ್ಕ ಸೊಸೆ ತಿಂಗಳಿಗೊಮ್ಮೆ ಬಂದರೆ ಅತ್ತೆಯ ಮುಖ ಟ್ಯೂಬ್‌ಲೈಟಿನ ಹಾಗೆ, ಮೊದಲು ಮಿಟುಕಿ, ಆಮೇಲೆ ಪೂರ್ತಿ, ಇನ್ನು ಈ ಗಾಡಿ ಮನೆ ಮುಂದೆ ನಿಂತರಂತೂ ಮುಗೀತು. ಮಗಳೂ ಹಾಗೆಯೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಚಿಕ್ಕಮ್ಮನ ಹತ್ತಿರ ಹೋದರೆ ಹೊಸ ಕಾರಿನ ವಾಸನೆ ಬರುತ್ತೆ ಅಮ್ಮ, ನಿನ್ನ ಹತ್ತಿರ ಬಂದರೆ ಅಂಟಿನದು — ಮಗು ಮಾತು, ಮನಸ್ಸಿಗೆ ಹಚ್ಕೋಬಾರದು, ಹಚ್ಕೊಂಡಿದೀನಿ, ಅಂಟಲ್ಲವಾ, ಬಿಡೋದಿಲ್ಲ.

ಅವಳು ಒತ್ತಿದಳು — ಬೆನ್ನು ಸೀಟಿಗೆ ಅಪ್ಪಳಿಸಿತು, ಮೈದುನ ಹೋ ಅಂದ, ಪಕ್ಕದ ಮರಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗೋಡೆಯಾದವು, ಮತ್ತೆ ಸಿಗ್ನಲ್ಲು, ಕೆಂಪು, ಗಾಡಿ ಬೆಣ್ಣೆಯಲ್ಲಿ ಚಾಕು ನಿಂತ ಹಾಗೆ ನಿಂತಿತು, ಅವಳ ಒಂದು ಕೈ ಕೆಳಗಿಳಿದು ಸೀಟಿನ ಬಾಗಿಲ ಕಡೆಯ ಅಂಚನ್ನು ಸವರುತ್ತೆ, ಸೀಟಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ನನಗೆ ಕಾಣೋದು ಅಷ್ಟೇ, ಉಂಗುರದ ಬೆರಳೊಂದು, ಹೊಲಿಗೆಯ ಮೇಲೆ ಮೇಲಕ್ಕೂ ಕೆಳಕ್ಕೂ, ಬೆಕ್ಕಿನ ಬೆನ್ನು ಸವರಿದ ಹಾಗೆ, ಎಷ್ಟು ಮೆತ್ತಗಿದೆ ಅಕ್ಕ, ಮುಟ್ಟಿ ನೋಡಿ — ಮುಟ್ಟೋಕೆ ಬಗ್ಗಿದೆ, ಬಗ್ಗಿದವಳು ಹಾಗೇ ಉಳಿದೆ. ಬೆರಳು ನಿಂತಲ್ಲಿಂದ ಅಂಗೈ ಅಗಲ ಕೆಳಗೆ, ಹೊಲಿಗೆ ಮುಗಿಯೋ ಜಾಗದಲ್ಲಿ, ಮೂರು ಹೊಲಿಗೆ ಹಿಂದಕ್ಕೆ, ಒಂದು ಓರೆ. ಹೀಗೆ ಗಂಟು ಮುಚ್ಚೋದು ನಾನೊಬ್ಬಳೇ, ನನಗೆ ಕಲಿಸಿದ ಮುದುಕಪ್ಪ ನೇರ ಹಾಕೋನು, ನನ್ನ ಎಡಗೈ ವಾಲುತ್ತೆ ಅಂತ ನಾನು ಓರೆ, ವರ್ಕ್‌ಷಾಪಿನಲ್ಲಿ ಗೇಲಿ ಮಾಡುತ್ತಾರೆ, ಅಕ್ಕನ ಸಹಿ ಅಂತ. ಆ ಕಪ್ಪು ಸೀಟು. ಹೋದ ವರ್ಷ ಸೀಟು ಮಾತ್ರ ಬಂದಿತ್ತು, ಗಾಡಿ ಬಂದಿರಲಿಲ್ಲ, ಗೋಣಿಯಲ್ಲಿ ಸುತ್ತಿದ ಒಂಟಿ ಸೀಟು, ಡ್ರೈವರಿನದು, ಹತ್ತಿ ಇಳಿದು ಹತ್ತಿ ಇಳಿದು ಬಾಗಿಲ ಕಡೆಯ ಅಂಚು ಸವೆದು ಬಿಳುಪಾಗಿತ್ತು, ಸಂಜೆಯೊಳಗೆ ಬೇಕಂತೆ ಅಂದರು ಮಾಲೀಕರು, ಬಿಚ್ಚಿದೆ, ಹೊಸ ತೊಗಲು ಕತ್ತರಿಸಿದೆ, ಹಳೇ ದಾರ ಕೈಯಲ್ಲೇ ಪಟ್ ಪಟ್ ಕಿತ್ತು ಬಂತು, ಥೂ, ಇಷ್ಟು ದೊಡ್ಡ ಗಾಡಿಗೆ ಇಂಥ ಕಳಪೆ ದಾರವಾ ಅಂದುಕೊಂಡೆ, ನಮ್ಮಲ್ಲಿರೋ ಗಟ್ಟಿ ನೈಲಾನಿನಲ್ಲಿ ಎರಡು ಸಾಲು ಎಳೆದೆ, ಆನೆ ಕಟ್ಟಿದರೂ ಕೀಳಬಾರದು ಹಾಗೆ, ಹೊಲಿಗೆಯಲ್ಲಿ ಒಂದು ಪುಟ್ಟ ಬಟ್ಟೆ ಚೀಟಿ ಸಿಕ್ಕಿಸಿದ್ದರು, ಏರ್‌ಬ್ಯಾಗ್ ಅಂತ, ಉಗುರಿನಷ್ಟು, ಚುಚ್ಚುತ್ತೆ ಅಂತ ಕತ್ತರಿಸಿ ಎಸೆದೆ. ಎರಡು ತಿಂಗಳಾದ ಮೇಲೆ ದಾರ ಮಾರೋನು ಒಂದು ಉಂಡೆ ತಂದು ಮುಂದಿಟ್ಟ, ಏರ್‌ಬ್ಯಾಗಿರೋ ಸೀಟಿಗೆ ಇದನ್ನೇ ಹಾಕಬೇಕು ತಾಯಿ, ಇದು ಮೆದು ದಾರ, ಪಕ್ಕದಿಂದ ಯಾರಾದರೂ ಗುದ್ದಿದಾಗ ಒಳಗಿನ ಚೀಲ ಈ ಹೊಲಿಗೆ ಹರಿದೇ ಆಚೆ ಬರಬೇಕು, ಬಂದು ಪಕ್ಕೆಲುಬಿಗೂ ಬಾಗಿಲಿಗೂ ನಡುವೆ ಉಬ್ಬಬೇಕು, ಕಣ್ಣು ಮಿಟುಕಿಸೋದರೊಳಗೆ. ಹರೀಲಿಲ್ಲ ಅಂದ್ರೆ, ಕೇಳಿದೆ. ಒಳಗೇ ಉಳಿಯುತ್ತೆ, ಪಕ್ಕೆಲುಬು ಬಾಗಿಲಿಗೆ ಹೋಗುತ್ತೆ ಅಂದ, ಟೀ ಕುಡಿದ, ಹೋದ. ಹದಿನೇಳು ವರ್ಷ ಹರಿಯಬಾರದು ಅಂತಲೇ ಹೊಲಿದವಳು ನಾನು, ಹರಿಯಲಿ ಅಂತ ಹೊಲಿಯೋದೂ ಒಂದು ಕೆಲಸ ಅಂತ ಯಾರು ಹೇಳಿದ್ದರು. ಮಾಲೀಕರನ್ನು ಕೇಳಿದೆ, ಆ ಕಪ್ಪು ಸೀಟು ಯಾವ ಗಾಡಿದು ಅಂತ. ಹೋದ ಸೀಟಿನ ಮಾತು ಈಗ್ಯಾಕಮ್ಮ, ಅಂದರು. ಹೌದಲ್ಲ, ಈಗ್ಯಾಕೆ, ಅಂದುಕೊಂಡೆ. ಊಟ ಮಾಡಿದೆ. ಆಮೇಲೆ ಎಷ್ಟೋ ಸಲ, ಅನ್ನ ಬಸಿಯುವಾಗ, ಬಸ್ಸಿನಲ್ಲಿ ನಿಂತಾಗ, ಯಾರೋ ಗೊತ್ತಿಲ್ಲದವರು ಅದರ ಮೇಲೆ ಕೂತಿರೋದು ಬೆನ್ನಿನಿಂದ ಕಾಣುತ್ತಿತ್ತು, ಮುಖ ಇರಲಿಲ್ಲ. ಈಗ ಅದೇ ಬೆನ್ನು, ಮುಂದೆ, ಕೈಗೆಟುಕೋ ದೂರದಲ್ಲಿ, ಜಡೆ ಎತ್ತಿ ಕ್ಲಿಪ್ಪು ಹಾಕಿಕೊಂಡು.

ಹೇಳು, ಈಗಲೇ ಹೇಳು — ಹೇಳಿದರೆ ಏನಾಗುತ್ತೆ, ಸೀಟು ನಮ್ಮಲ್ಲಿಗೆ ಕಳಿಸಿದ್ದು ಇವರೇ ಇರಬೇಕು, ಈ ಟೈಯವನು ನಮ್ಮ ಮಾಲೀಕರಿಗೆ ಫೋನು ಹಚ್ಚುತ್ತಾನೆ, ನಿಮ್ಮ ಹೆಂಗಸೊಬ್ಬಳು ಬಂದು ನನ್ನ ಗಿರಾಕಿ ಓಡಿಸಿದಳು ಅಂತ, ನಾಳೆಯಿಂದ ನನ್ನ ಮೆಷಿನ್ನಿನ ಮೇಲೆ ಬೇರೆಯವರು ಕೂರುತ್ತಾರೆ, ಮಗಳ ಕಾಲೇಜು, ಅತ್ತೆಯ ಮಾತ್ರೆ — ಹೇಳದಿದ್ದರೆ ಏನಾಗುತ್ತೆ, ಏನೂ ಆಗೋದಿಲ್ಲ, ಎಲ್ಲ ಗಾಡಿಗೂ ಗುದ್ದುತ್ತಾರಾ, ಅದೂ ಪಕ್ಕದಿಂದಲೇ, ಅವಳ ಜಾತಕದಲ್ಲಿ ಬರೀ ಒಳ್ಳೇದೇ ಇದೆಯಂತಲ್ಲ, ಅತ್ತೆ ದಿನಾ ಹೇಳೋದು ಅದೇ, ಇರಲಿ, ಜಾತಕವೇ ಕಾಪಾಡಲಿ — ಇದನ್ನು ಅಂದುಕೊಂಡದ್ದು ಯಾರು, ನಾನಾ, ಸುಮ್ಮನಿರೋದರಲ್ಲಿ ಒಂಥರಾ ತಣ್ಣಗಿನ ಸುಖ ಇದೆ, ಬೇಸಿಗೆಯಲ್ಲಿ ನೆಲದ ಮೇಲೆ ಮಲಗಿದ ಹಾಗೆ, ಏನೂ ಮಾಡಬೇಕಿಲ್ಲ, ಯಾರಿಗೂ ಏನೂ ಮಾಡಿದಂತಲ್ಲ, ಹೀಗೇ ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಗಾಡಿಯೂ ಅವಳದು, ಸೀಟೂ ಅವಳದು, ವೇಗವೂ ಅವಳದು — ಛೀ. ನನ್ನ ಹೆರಿಗೆಯ ಹೊತ್ತಿಗೆ ರಕ್ತ ಸಿಗದೆ ಇದ್ದಾಗ ತನ್ನದೇ ಕೊಟ್ಟು ಮಾರನೇ ದಿನ ಕೆಲಸಕ್ಕೆ ಹೋದವಳು, ಅದನ್ನೂ ಯಾವತ್ತೂ ಆಡಿ ತೋರಿಸಿಲ್ಲ, ಅದೇ, ಅದೇ ಇನ್ನೂ ಉರಿ, ಒಂದು ಸಲ ಆಡಿ ತೋರಿಸಿದ್ದರೆ ಮನಸ್ಸು ಹಗುರಾಗಿರೋದು. ಸೀಟು ಬಿಚ್ಚಿದ್ದಾರೆ ಕಣೇ ಇದರದು, ಅಂದೆ, ನನಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು. ಟೈಯವನು ತಿರುಗಲೂ ಇಲ್ಲ, ಒರಿಜಿನಲ್ ಮೇಡಂ, ಕಂಪನಿಯಿಂದ ಬಂದ ಹಾಗೇ ಇದೆ ಅಂದ. ಮೈದುನ ನನ್ನ ಕಡೆ ಬಾಗಿ, ಅತ್ತಿಗೆ, ಬರುವಾಗಲೇ ಇವಳಿಗೆ ಹೇಳಿದ್ದೆ, ಅತ್ತಿಗೆ ಒಂದಾದರೂ ಹುಳುಕು ಹುಡುಕೇ ಹುಡುಕುತ್ತಾರೆ, ನೋಡ್ತಿರು ಅಂತ, ಅಂದು ನಕ್ಕ, ಕೆಟ್ಟ ನಗುವಲ್ಲ, ಮನೆಯವರ ನಗು, ಅದಕ್ಕೇ ಒಳಗೆ ಹೋಯಿತು. ಸುಮ್ನಿರಿ, ಅಕ್ಕನ ಕಣ್ಣು ಹದ್ದಿನ ಕಣ್ಣು, ಅನ್ನುತ್ತಾಳೆ ಅವಳು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ. ಸರಿ. ಹೇಳಿದ್ದಾಯಿತು. ಕೇಳಲಿಲ್ಲ. ನನ್ನ ಕರ್ತವ್ಯ ಮುಗೀತು, ಯಾರಾದರೂ ಕೇಳಿದರೆ ಹೇಳಿದ್ದೆನಲ್ಲ ಅನ್ನಬಹುದು, ಎಲ್ಲರೂ ಹೌದು ಪಾಪ ಹೇಳಿದ್ದಳು ಅನ್ನುತ್ತಾರೆ — ಯಾವಾಗ ಅನ್ನುತ್ತಾರೆ, ಯಾವ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು ಅನ್ನುತ್ತಾರೆ, ಅದನ್ನು ಯೋಚಿಸಬೇಡ, ಆಚೆ ನೋಡು, ಅಂಗಡಿ, ಅಂಗಡಿ, ಔಷಧದಂಗಡಿ, ಸೈಕಲ್ಲಿನಲ್ಲಿ ಒಬ್ಬ, ಅವಳು ಮತ್ತೆ ಒತ್ತಿದಳು.

ಗಾಡಿ ಷೋರೂಮಿನ ಗಾಜಿನ ಮುಂದೆ ನಿಂತಿದೆ, ಟೈಯವನು ಇಳಿದು ಕಾಗದ ತರೋಕೆ ಓಡಿದ್ದಾನೆ, ಒಂದು ಸಹಿ ಸಾಕಂತೆ, ಮೈದುನ ಹೊರಗೆ ನಿಂತು ಗಾಡಿಯ ಮೂತಿಯ ಫೋಟೋ ತೆಗೆಯುತ್ತಿದ್ದಾನೆ, ಅತ್ತೆಗೆ ಕಳಿಸೋಕೆ, ಅತ್ತೆ ಅದನ್ನು ನನಗೇ ತೋರಿಸಿ ಇದು ಯಾರ ಕಾರು ಗೊತ್ತಾ ಅಂತಾರೆ, ಒಳಗೆ ನಾವಿಬ್ಬರೇ. ಅವಳು ಇಳಿಯೋದಿಲ್ಲ, ಇಳಿಯೋಕೆ ಮನಸ್ಸಿಲ್ಲ, ಆ ಉಂಗುರದ ಬೆರಳು ಮತ್ತೆ ಅದೇ ಜಾಗದಲ್ಲಿ, ಮೇಲಕ್ಕೆ, ಕೆಳಕ್ಕೆ, ಅಕ್ಕ, ನಿಜ ಹೇಳಲಾ, ಇಂಜಿನ್ನು ಗಿಂಜಿನ್ನು ನನಗೆ ತಿಳಿಯಲ್ಲ, ನಾನು ಈ ಗಾಡಿ ಒಪ್ಪಿದ್ದೇ ಈ ಹೊಲಿಗೆ ನೋಡಿ, ಹತ್ತು ಗಾಡಿ ನೋಡಿದೆ, ಎಲ್ಲೂ ಹೀಗಿರಲಿಲ್ಲ, ಎಷ್ಟು ಬಿಗಿ, ಎಷ್ಟು ನೇರ, ಕೈಯಲ್ಲಿ ಇಂಥದ್ದು ಬರಲ್ಲ ಅಲ್ವಾ, ಮೆಷಿನ್ನೇ ಬೇರೆ ಇರಬೇಕು ಕಂಪನಿಯೋರದು, ಒಂದು ದಿನ ನಿಮ್ಮ ಮಾಲೀಕರನ್ನೂ ಕರ್ಕೊಂಡು ಬನ್ನಿ, ನೋಡಿ ಕಲೀಲಿ — ಕೈಯಲ್ಲಿ ಬರೋದಿಲ್ಲವಂತೆ, ಹದಿನಾರು ವರ್ಷ ಒಂದೇ ಮನೆಯಲ್ಲಿದ್ದವಳು, ನನ್ನ ಮೇಜಿನ ಮೇಲೆ ಸೀಸೆ ಇಟ್ಟವಳು, ನನ್ನ ಹೊಲಿಗೆಯನ್ನು ಒಂದು ದಿನ ಚೆನ್ನಾಗಿದೆ ಅಂದವಳಲ್ಲ, ಅಂದಿದ್ದಾಳೆ, ಈಗ ಅಂದಳು, ಕಂಪನಿಗೆ ಅಂದಳು, ನನ್ನದು ಅಂತ ಗೊತ್ತಿಲ್ಲದೆ ಅಂದಳು, ಭಾಷಣದಲ್ಲಿ ಎಲ್ಲರ ಹೆಸರೂ ಬಂತು, ಇಲ್ಲಿಯೂ ಕಂಪನಿಯ ಹೆಸರೇ — ಒಂದು ಗಾಡಿ ಕೊಂಡುಕೋ, ನಾಲ್ಕು ಕೊಂಡುಕೋ, ಲ್ಯಾಬು ಇಟ್ಟುಕೋ, ಅತ್ತೆಯನ್ನೂ ಇಟ್ಟುಕೋ, ಮಗಳನ್ನೂ ಬೇಕಾದರೆ, ಇದನ್ನು ಕೊಡೋದಿಲ್ಲ, ಇದನ್ನು ಮಾತ್ರ ಯಾವ ಕಂಪನಿಗೂ — ಮಾಲೀಕರ ಮುಖ ಬಂತು, ಹೋಯಿತು, ನನ್ನ ಬಾಯಿ ನನಗಿಂತ ಮುಂದೆ ಹೊರಟುಬಿಟ್ಟಿತ್ತು, ಕಂಪನಿಯದಲ್ಲ ಕಣೇ, ನಂದು, ಕೆಳಗೆ ಬೆರಳಿಡು, ಇನ್ನೂ ಕೆಳಗೆ, ಮೂರು ಹಿಂದಕ್ಕೆ, ಒಂದು ಓರೆ, ಸಿಕ್ಕಿತಾ, ಅದು ನಾನು. ಬೆರಳು ಕೆಳಗಿಳಿಯಿತು, ಹುಡುಕಿತು, ಸಿಕ್ಕಿತು, ಅಯ್ಯೋ ಅಕ್ಕ, ನೀವಾ, ನಿಜವಾಗಲೂ ನೀವಾ, ಕನ್ನಡಿಯಲ್ಲಿ ಅವಳ ಕಣ್ಣು ಅಗಲವಾದವು, ನೀರೂ ಬಂದಿರಬೇಕು, ಮೆಚ್ಚುಗೆಯೇ, ಬರೀ ಮೆಚ್ಚುಗೆ, ಇಷ್ಟು ವರ್ಷ ಕಾದದ್ದು, ಇದೇ ಇದು, ಬಂತು, ಒಂದು ಗುಟುಕು, ಇನ್ನೊಂದು ಗುಟುಕು ಕುಡೀಲಾ, ಗಾಜಿನಾಚೆ ಟೈಯವನು ಕಾಗದ ಹಿಡಿದು ಬರುತ್ತಿದ್ದಾನೆ, ಪೆನ್ನಿನ ಮುಚ್ಚಳ ತೆಗೆಯುತ್ತಾ, ಹಾಗಾದರೆ ಇದು ನಮ್ಮ ಮನೆಯದೇ ಗಾಡಿ ಬಿಡಿ ಅಕ್ಕ, ಕಣ್ಣು ಮುಚ್ಚಿ ಕೂರಬಹುದು — ಕೂರಬೇಡ, ಅಂದೆ, ಅದು ಹರೀಬೇಕಾದ ಹೊಲಿಗೆ, ನಾನು ಹರಿಯದ ಹಾಗೆ ಹೊಲಿದಿದೀನಿ, ಒಳಗೆ ಏರ್‌ಬ್ಯಾಗಿದೆ, ಗುದ್ದಿದರೆ ಆಚೆ ಬರೋದಿಲ್ಲ, ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು, ಗೊತ್ತಾಗಿಯೂ ಸುಮ್ಮನಿದ್ದೆ, ಈಗಲೂ, ಅಲ್ಲಿ ಸಿಗ್ನಲ್ಲಿನಿಂದ ಇಲ್ಲಿವರೆಗೂ, ಸುಮ್ಮನೇ ಕೂತಿದ್ದೆ ನಿನ್ನ ಹಿಂದೆ — ಬಾಗಿಲ ಹಿಡಿಕೆ ಅಲುಗುತ್ತಿದೆ, ಟೈಯವನ ಕೈ, ಅವಳು ತಿರುಗೋದಿಲ್ಲ, ಕನ್ನಡಿಯಲ್ಲಿ ಬರೀ ಅವಳ ಹಣೆ ಕಾಣುತ್ತೆ, ಕಣ್ಣು ಕಾಣೋದಿಲ್ಲ, ನನಗೆ ಕಾಣೋದು ಸಂದಿಯಲ್ಲಿ ಅದೊಂದೇ, ಬೆರಳು, ನನ್ನ ಓರೆ ಹೊಲಿಗೆಯ ಮೇಲೆ, ಮೇಲಕ್ಕೂ ಹೋಗುತ್ತಿಲ್ಲ, ಕೆಳಕ್ಕೂ ಬರುತ್ತಿಲ್ಲ, ಬೆರಳು